ಇಟಲಿ ಸ್ವಾಮಿಗಳು ಮತ್ತು ನನ್ನ ಗಂಡನ ಮಾತು

ಶರ್ಟಿನ ಗುಂಡಿ ಹಾಕಲು ಆಗಲಿಲ್ಲ. ಅದೇ ಮೊದಲು.

ಭಾನುವಾರ, ಚರ್ಚಿಗೆ ಹೊರಟಿದ್ದೆವು. ನನ್ನ ಗಂಡ ದೇವಪ್ರಸಾದ್ ಕನ್ನಡಿಯ ಮುಂದೆ ತಮ್ಮ ಬಲಗೈಯನ್ನೇ ನೋಡುತ್ತ ನಿಂತಿದ್ದರು. “ಏನಾಯ್ತು ರೀ?” ಎಂದೆ. ಉತ್ತರ ಕೊಟ್ಟರು. ಅದು ಮಾತಾಗಿರಲಿಲ್ಲ, ಬರೀ ಸದ್ದು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಮಗಳು ನಿಶಾ 911ಗೆ ಫೋನ್ ಮಾಡಿದಳು.

ಸ್ಟ್ರೋಕ್.

ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ನ್ಯೂರಾಲಜಿಸ್ಟ್. ಜೀವಕ್ಕೆ ಅಪಾಯವಿಲ್ಲ, ನಡೆಯುವುದು ಬರುತ್ತದೆ, ಮಾತಿನ ಬಗ್ಗೆ ಮಾತ್ರ ಈಗಲೇ ಏನೂ ಹೇಳಲಾಗದು. ಇದಕ್ಕೆ ಅಫೇಸಿಯಾ ಎನ್ನುತ್ತಾರಂತೆ. ಹೇಳಬೇಕಾದ್ದು ತಲೆಯಲ್ಲಿರುತ್ತದೆ, ಪದ ಕೈಗೆ ಸಿಗುವುದಿಲ್ಲ.

ಮಾತಿನಿಂದಲೇ ಬದುಕಿದ ಮನುಷ್ಯ. ಮೈಸೂರಿನ ಪ್ರಾಟೆಸ್ಟೆಂಟ್ ಪಾದ್ರಿಯೊಬ್ಬರ ಮಗ, ಇಲ್ಲಿ ಅಮೆರಿಕದ ಷಾರ್ಲೆಟ್‌ನಲ್ಲಿ ಇತಿಹಾಸದ ಮೇಷ್ಟ್ರು. ಹದಿನಾರನೇ ಶತಮಾನದ ಇಟಲಿಯ ಸನ್ಯಾಸಿಯೊಬ್ಬನ ಬಗ್ಗೆ ವರ್ಷಾನುಗಟ್ಟಲೆ ಪುಸ್ತಕ ಬರೆಯುತ್ತಿದ್ದರು. ಚರ್ಚಿನಲ್ಲಿ ಆತ ಮಾಡುವ ಪ್ರಸಂಗ ಕೇಳಲು ಊರೂರೇ ಸೇರುತ್ತಿತ್ತಂತೆ. ಕೊನೆಗೆ ಆತನಿಗೆ ಪೋಪರನ್ನು ಎದುರಿಸಿದ ಸುಧಾರಕರ ಮಾತೇ ಸರಿ ಎನ್ನಿಸಿತು. ರೋಮ್ ವಿಚಾರಣೆಗೆ ಕರೆದಾಗ ಬೆಟ್ಟ ದಾಟಿ ಓಡಿಹೋಗಿ ಪ್ರಾಟೆಸ್ಟೆಂಟ್ ಆದ. ಮತ್ತೆಂದೂ ತನ್ನ ಊರು ನೋಡಲಿಲ್ಲ. ಮನೆಯಲ್ಲಿ ನಾನು ಆತನನ್ನು ‘ಇಟಲಿ ಸ್ವಾಮಿಗಳು’ ಎನ್ನುತ್ತಿದ್ದೆ. ನಮ್ಮ ರಜೆಗಳೆಲ್ಲ ಆ ಸ್ವಾಮಿಗಳಿಗೇ ಮೀಸಲು. ನನಗಿಂತ ಮೊದಲೇ ಇವರ ಬದುಕಿಗೆ ಬಂದವನು ಆತ. ಮದುವೆಗೆ ಮುಂಚೆಯೇ ಆತನಿಗಾಗಿ ಇಟಲಿಗೆ ಹೋಗಿ ಭಾಷೆ ಕಲಿತು ಬಂದಿದ್ದರು.

ನಮ್ಮ ಚರ್ಚಿನ ಲೌರಾ ಆಸ್ಪತ್ರೆಗೆ ಬಂದರು. ಹುಟ್ಟಿದ್ದು ಇಟಲಿಯಲ್ಲಿ, ರಿಟೈರಾದ ಟೀಚರ್. ಅವರು ಹಾಸಿಗೆಯ ಹತ್ತಿರ ಬಗ್ಗಿ ತಮ್ಮ ಭಾಷೆಯಲ್ಲಿ ಏನೋ ವಿಚಾರಿಸಿದರು. ನನ್ನ ಗಂಡನ ತುಟಿ ಅಲುಗಿತು.

“ಆಕ್ವಾ.”

ನನಗೆ ನರಳಿದ ಹಾಗೆ ಕೇಳಿಸಿತು. ನೀರು ಕೇಳುತ್ತಿದ್ದಾರೆ ಎಂದರು ಲೌರಾ.

ನನ್ನ ಗಂಡನಿಗೆ ಬಾಯಾರಿದೆ ಎಂದು ಇನ್ನೊಬ್ಬ ಹೆಂಗಸು ನನಗೆ ಹೇಳಬೇಕಾಯಿತು.

ಆಮೇಲೆ ಇಟಾಲಿಯನ್ ಪದಗಳು ಒಂದೊಂದಾಗಿ ಬಂದವು. ಇಂಗ್ಲಿಷಿನಲ್ಲಿ ‘ಯೆಸ್’, ‘ನೋ’. ಕನ್ನಡ ಒಂದಕ್ಷರವೂ ಇಲ್ಲ. ತಾಯಿಯ ಭಾಷೆ ಯಾಕೆ ಬರುತ್ತಿಲ್ಲ ಎಂದು ಡಾಕ್ಟರನ್ನು ಕೇಳಿದೆ. ಕೆಲವರಲ್ಲಿ ಹೀಗಾಗುತ್ತದೆ, ಯಾವ ಭಾಷೆ ಮೊದಲು ಎದ್ದು ಬರುತ್ತದೋ ಹೇಳಲಾಗದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು.

ಹಚ್ಚಿಕೊಂಡೆ.

ಮನೆಗೆ ಬಂದ ಮೇಲೆ, ಸ್ಪೀಚ್ ಥೆರಪಿಸ್ಟ್ ಹೇಳಿದ್ದಕ್ಕೆ, ಲೌರಾ ಆಗಾಗ ಬರತೊಡಗಿದರು. ಕಿಟಕಿಯ ಬಳಿ ಇಬ್ಬರೂ ಕೂತು ಸ್ವಾಮಿಗಳ ಕಥೆ ಮಾತಾಡುವರು. ಒಂದು ಪದ ಸಿಕ್ಕರೆ ಇವರ ಮುಖ ಅರಳುತ್ತಿತ್ತು. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತ ಅರ್ಥವಾಗದ ಆ ನಗು ಕೇಳಿಸಿಕೊಳ್ಳುತ್ತಿದ್ದೆ. ಸ್ನಾನ ಮಾಡಿಸುವವಳು ನಾನು, ಶೂ ಕಟ್ಟುವವಳು ನಾನು, ಗಂಜಿ ಒರೆಸುವವಳು ನಾನು. ಅವರ ಮೈ ನನ್ನ ಪಾಲಿಗೆ, ಮಾತು ಲೌರಾ ಪಾಲಿಗೆ. ಗಂಡ ಉಳಿದರಲ್ಲ ಎಂದು ದೇವರಿಗೆ ಕೃತಜ್ಞತೆ ಹೇಳಬೇಕಾದವಳು ಹೊಟ್ಟೆ ಉರಿದುಕೊಂಡು ನಿಂತಿದ್ದೆ.

“ಲೌರಾ ಆಂಟಿಗೆ ಈ ವಾರ ಬರೋದು ಬೇಡ ಅಂತ ಟೆಕ್ಸ್ಟ್ ಮಾಡು,” ಎಂದೆ ನಿಶಾಳಿಗೆ.

“ಅಮ್ಮಾ, ಆರ್ ಯು ಜೆಲಸ್? ಶಿ ಈಸ್ ಲೈಕ್ ಸೆವೆಂಟಿ!”

“ಹೂಂ ಕಣೇ. ಅವರ ಮೇಲೂ ಹೊಟ್ಟೆಕಿಚ್ಚು, ಆ ಸತ್ತುಹೋದ ಸ್ವಾಮಿ ಮೇಲೂ ಹೊಟ್ಟೆಕಿಚ್ಚು.”

ನಿಶಾ ನಕ್ಕಳು. ನಾನು ಅತ್ತೆ. ಅವಳು ಬಂದು ತಬ್ಬಿಕೊಂಡಳು.

ಆ ವಾರ ಇವರು ಬಾಗಿಲ ಕಡೆ ಮುಖ ಮಾಡಿ ಕೂತರು. ಒಂದು ಪದವೂ ಹೊರಡಲಿಲ್ಲ. ನಾನು ಕನ್ನಡದಲ್ಲಿ ಎಷ್ಟು ಮಾತಾಡಿಸಿದರೂ ಎಡಗೈಯಿಂದ ನನ್ನ ಸೆರಗು ಹಿಡಿದು ಬಿಡುವರು, ಅಷ್ಟೆ. ನೋಡಲಾಗಲಿಲ್ಲ. ನಾನೇ ಲೌರಾಗೆ ಫೋನ್ ಮಾಡಿ ಬನ್ನಿ ಎಂದೆ. ಈ ಸಲ ನಾನೂ ಒಂದು ಕುರ್ಚಿ ಎಳೆದುಕೊಂಡು ಕೂತೆ. ಲೌರಾ ಒಂದು ಪದ ಹೇಳಿದರೆ ಅದರ ಕನ್ನಡ ನಾನು ಹೇಳುವುದು. ಹೀಗೇ ನಡೆಯಿತು, ಚಳಿಗಾಲ ಮುಗಿಯುವ ತನಕ.

ಒಂದು ಮಧ್ಯಾಹ್ನ ಸುಮ್ಮನೆ ಕೇಳಿದೆ, “ಸ್ವಾಮಿಗಳು ಏನ್ ಮಾಡಿದ್ರು ರೀ, ರೋಮಿಂದ ಕರೆ ಬಂದಾಗ?”

“ಬೆಟ್ಟ,” ಎಂದರು. ಹಣೆಯಲ್ಲಿ ಬೆವರು. “ಬೆಟ್ಟ… ದಾಟ್ದ.”

ನನ್ನ ಭಾಷೆಯ ಮೊದಲ ವಾಕ್ಯವೂ ಆತನಿಗೇ ಹೋಯಿತು. ಹೊಟ್ಟೆಯುರಿಯೂ ಸಂತೋಷವೂ ಒಟ್ಟಿಗೆ ಬಂದು, ಯಾವುದಕ್ಕೆ ಅಳುತ್ತಿದ್ದೇನೆಂದು ತಿಳಿಯಲಿಲ್ಲ. ಲೌರಾ ನನ್ನ ಕೈ ಹಿಡಿದುಕೊಂಡರು. ಬಿಡಿಸಿಕೊಳ್ಳಲಿಲ್ಲ.

ಈಗ ಮುರುಕು ವಾಕ್ಯಗಳಲ್ಲಿ ಮಾತಾಡುತ್ತಾರೆ, ಮೂರೂ ಭಾಷೆ ಕಲಸಿ. ಪಾಠ ಹೇಳಲು ಇನ್ನು ಹೋಗಲಾರರು ಎಂದು ಡಾಕ್ಟರ್ ತಿಳಿಸಿದ್ದಾರೆ. ಸಿಕ್ಕಷ್ಟಕ್ಕೆ ದೇವರಿಗೆ ಸ್ತೋತ್ರ. ಕಿಚ್ಚು ಪೂರ್ತಿ ಆರಿದೆ ಎಂದರೆ ಸುಳ್ಳಾಗುತ್ತದೆ.

ಮೊನ್ನೆ ಸ್ವಾಮಿಗಳ ಕೊನೆಗಾಲ ಹೇಳುತ್ತಿದ್ದರು. ಆಶ್ರಯ ಕೊಟ್ಟ ಪ್ರಾಟೆಸ್ಟೆಂಟರೇ ಮುದಿ ವಯಸ್ಸಿನಲ್ಲಿ ಆತನನ್ನು ಚಳಿಯಲ್ಲಿ ಊರಾಚೆ ಕಳಿಸಿದ್ದು, ಜೊತೆಗೆ ಪುಟ್ಟ ಮಕ್ಕಳು.

“ಮದುವೆ ಆಗಿದ್ರಾ? ಹೆಂಡತಿ ಹೆಸರೇನು?” ಎಂದೆ.

ಅವರ ತುಟಿ ಅಲುಗಿ ನಿಂತಿತು. ಪದ ಸಿಗುತ್ತಿಲ್ಲ ಎಂದುಕೊಂಡೆ. ಅವರು ತಲೆಯಾಡಿಸಿದರು.

“ಗೊತ್ತಿಲ್ಲ. ಯಾರೂ… ಬರ್ದಿಲ್ಲ.”

ನನ್ನ ಕಡೆ ತಿರುಗಿದರು. ಮುಂದಿನ ಪದ ತಡವರಿಸದೆ, ಕನ್ನಡದಲ್ಲೇ ಬಂತು.

“ತಪ್ಪು.”