ಮೈಕಿಗೆ ಇಟ್ಟ ಗಂಧ

ಹೊಸ ಕಂಪ್ಯೂಟರಿಗೆ ಪೂಜೆ ಮಾಡದೆ ಬಟನ್ ಒತ್ತುವ ಧೈರ್ಯ ನನಗಿಲ್ಲ. ಒಳಗೆ ಹಾಕುವುದು ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಎಂದಮೇಲಂತೂ ದೇವರ ನೆರವು ಬೇಕೇ ಬೇಕು. ಬ್ಯಾಟರಾಯನಪುರದ ನಮ್ಮ ಮನೆಯಲ್ಲಿ ಅದನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಗಂಧ ತೇಯ್ದು ಮೈತುಂಬ ಬೊಟ್ಟಿಟ್ಟೆ. ನಿಂಬೆಹಣ್ಣು ಇಡೋಣವೆಂದರೆ ಅದಕ್ಕೆ ಚಕ್ರವಿಲ್ಲ. ಕೀಬೋರ್ಡಿನ ಪಕ್ಕ ಇಟ್ಟೆ.

ಉದ್ದೇಶ ದೊಡ್ಡದೇ ಇತ್ತು. ಮದುಮಕ್ಕಳನ್ನು ಹಸೆಮಣೆಗೆ ಕರೆಯುವ ಹಾಡುಗಳು ಅಮ್ಮನಿಗೆ ಬರುತ್ತವೆ. ಅವಳ ತವರು ಅಮೃತಹಳ್ಳಿಯಲ್ಲಿ ಹೊಲಗಳಿದ್ದ ಕಾಲದವು. ಹೊಲ ಲೇಔಟಾಯಿತು, ಜೊತೆಗೆ ಹಾಡುತ್ತಿದ್ದವರು ಒಬ್ಬೊಬ್ಬರಾಗಿ ಹೋದರು. ಈಗ ಉಳಿದಿರುವುದು ಅಮ್ಮನ ಗಂಟಲೊಂದೇ, ಅದೂ ಸೋಲುತ್ತಿದೆ. ಅದು ನನಗೆ ನಿಜವಾದ ಭಯ. ಅಕ್ಕನ ಮಗಳ ಮದುವೆಯೊಳಗೆ ಎಲ್ಲ ರೆಕಾರ್ಡ್ ಮಾಡಿ, ಹಳೆಯ ಫೋಟೊ ಸೇರಿಸಿ ವಿಡಿಯೊ ಮಾಡುತ್ತೇನೆಂದು ಕೊಚ್ಚಿಕೊಂಡಿದ್ದೆ. ಫೋನಿನಲ್ಲೇ ಮಾಡೋಣವೆಂದ ನನ್ನ ಮಗಳಿಗೆ, "ಕ್ವಾಲಿಟಿ ಅಂತ ಒಂದಿದೆ ಕಣೇ" ಎಂದಿದ್ದೆ.

ಮೈಕ್ ಮಾತ್ರ ಉಸಿರೆತ್ತಲಿಲ್ಲ. ಅಮ್ಮ ಹಾಡುವಳು, ಪರದೆಯ ಮೇಲೆ ದನಿ ತೋರಿಸುವ ಗೆರೆ ಅಲುಗದೆ ಮಲಗಿರುವುದು. ತಪ್ಪು ಲಿನಕ್ಸಿನದೇ ಎಂದುಕೊಂಡು, ಇಂಟರ್ನೆಟ್ಟಿನಲ್ಲಿ ಯಾರು ಯಾರೋ ಹೇಳಿದ ಕಮಾಂಡುಗಳನ್ನು ಅರ್ಥ ತಿಳಿಯದ ಮಂತ್ರದ ಹಾಗೆ ಟೈಪಿಸಿದೆ. ಎಲ್ಲ ಅಳಿಸಿ ಇನ್ನೊಂದು ಬಗೆಯ ಲಿನಕ್ಸ್ ಹಾಕಿದೆ. ನಡುವೆ ಬೇಸರಕ್ಕೆ ವಾಲ್‌ಪೇಪರ್ ಬದಲಿಸಿದೆ. ಅದೊಂದು ಮೊದಲ ಸಲಕ್ಕೇ ಸರಿಹೋಯಿತು.

ದಿನಾ ಸಂಜೆ ಅಮ್ಮನನ್ನು ಕೂರಿಸಿಕೊಂಡು, "ಇನ್ನೊಂದ್ಸಲ ಹಾಡಮ್ಮ, ಟೆಸ್ಟಿಂಗು" ಎನ್ನುತ್ತಿದ್ದೆ.

"ಅದೇ ಆಡ್ನ ಎಷ್ಟ್ ಸಲ ಏಳ್ಲಪ್ಪ? ಇಂಗೇ ಆದ್ರೆ ನಿನ್ ವಿಡಿಯೊ ಮದ್ವೆ ಎಣ್ಣಿನ ಮಗು ನಾಮಕರಣಕ್ಕೆ ಬತ್ತದೆ," ಎನ್ನುವಳು. ಆದರೂ ಹಾಡುವಳು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಮಗಳು ಗುನುಗಿದರೆ, "ಸುಮ್ನಿರೇ, ನಿನ್ ದನಿನೂ ಸೇರ್ಕೊಳ್ಳತ್ತೆ" ಎಂದು ಗದರುತ್ತಿದ್ದೆ. ಯಾವುದಕ್ಕೆ ಸೇರಿಕೊಳ್ಳುತ್ತಿತ್ತೋ!

ಮದುವೆಯ ಹಿಂದಿನ ದಿನ ಧೂಳು ಒರೆಸುವಾಗ ಗೊತ್ತಾಯಿತು. ಮೈಕ್ ಚುಚ್ಚುವ ತೂತಿನ ಮೇಲೇ ನಾನು ಬೊಟ್ಟಿಟ್ಟು, ಹಸಿ ಗಂಧದೊಳಗೇ ಪಿನ್ನು ತುರುಕಿದ್ದೆ. ಅದು ಒಣಗಿ ಗಟ್ಟಿಯಾಗಿ ಕೂತಿತ್ತು. ಕೆರೆದು ತೆಗೆದೆ, ಮೈಕ್ ಬದುಕಿತು. ಅಷ್ಟರಲ್ಲಿ ನನ್ನ ಟೆಸ್ಟಿಂಗಿಗೆ ಹಾಡಿ ಹಾಡಿ ಅಮ್ಮನ ಗಂಟಲೇ ಕಟ್ಟಿತ್ತು.

ಮಾರನೆಯ ದಿನ ಹಸೆಮಣೆಯ ಮುಂದೆ ಅಮ್ಮ ಬಾಯಿ ತೆರೆದಳು, ದನಿ ಹೊರಡಲಿಲ್ಲ. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು. ಆಗ ನನ್ನ ಮಗಳು ಹಾಡು ಎತ್ತಿಕೊಂಡಳು. ಒಂದು ನುಡಿಯನ್ನೂ ಬಿಡದೆ, ಅಮ್ಮ ಎಳೆಯುವ ಕಡೆಯಲ್ಲೇ ಎಳೆದು, ಕೊನೆಯವರೆಗೂ ಹಾಡಿದಳು. ಅಮ್ಮ ಅವಳ ಕೈ ಹಿಡಿದುಕೊಂಡು ಅಳುತ್ತಿದ್ದಳು. ನಾನೂ ಅತ್ತೆ.

ಮೈಕ್ ಸರಿಯಿದ್ದಿದ್ದರೆ ಒಂದೇ ಸಂಜೆಗೆ ಎಲ್ಲ ಮುಗಿದು, ಆ ಹಾಡು ಮಗಳಿಗೆ ಬರುತ್ತಲೇ ಇರಲಿಲ್ಲ. ಮುಂದಿನ ಆಯುಧಪೂಜೆಗೆ ಗಂಧ ಎಲ್ಲಿಡುವುದೆಂದು ಇನ್ನೂ ಯೋಚಿಸುತ್ತಿದ್ದೇನೆ. ಅಮ್ಮನಿಗೆ ಇನ್ನೂ ಬೇಕಾದಷ್ಟು ಹಾಡುಗಳು ಬರುತ್ತವೆ.