ಕರೆಯದೆ ಒಳಗೆ ಬಾರದವನು

ಪರಶುರಾಂಪುರದ ಗಂಗರಾಜು ಹೊಟ್ಟೆಪಾಡಿಗೆ ಮನೆಮನೆಯ ಮಾಳಿಗೆ ಹತ್ತಿ ಟಿವಿಯ ಡಿಶ್ ಕೂರಿಸುತ್ತಾನೆ. ಉಳಿದ ಹೊತ್ತಿನಲ್ಲಿ ಅವನು ವಿಮರ್ಶಕ. ಆ ಬಿರುದನ್ನು ಅವನಿಗೆ ಯಾರೂ ಕೊಟ್ಟದ್ದಲ್ಲ, ಯೂಟ್ಯೂಬಿನಲ್ಲಿ ಚಾನೆಲ್ ಶುರುಮಾಡಿದ ದಿನ ತಾನೇ ಟೈಪ್ ಮಾಡಿಕೊಂಡದ್ದು. ಧಾರಾವಾಹಿ ನೋಡುತ್ತಾ ತನ್ನ ಅಭಿಪ್ರಾಯ ಹೇಳುವುದು, ಅದನ್ನು ಹೆಂಡತಿ ಸರಿತಾ ಮೊಬೈಲಿನಲ್ಲಿ ಹಿಡಿಯುವುದು, ಇಷ್ಟೇ ಕೆಲಸ. ಕ್ಯಾಮೆರಾಕ್ಕೆಂದು ತಲೆ ಬಾಚಿಕೊಳ್ಳುವಾಗ ಅವನಿಗೇ ನಗು ಬರುತ್ತಿತ್ತು. ಹಗಲೆಲ್ಲ ಕಂಡವರ ಸೂರಿನ ಮೇಲೆ ಸ್ಪ್ಯಾನರ್ ಹಿಡಿದು "ಈಗ ಬಂತಾ ಅಕ್ಕಾ?" ಎಂದು ಕೂಗುವವನು, ಸಂಜೆಯಾದರೆ ದೇವರು ಇದ್ದಾನೋ ಇಲ್ಲವೋ ಎಂದು ತೀರ್ಮಾನ ಮಾಡಲು ಕೂರುತ್ತಿದ್ದ.

ಈ ಸಲ ಕೈಗೆ ಸಿಕ್ಕಿದ್ದು ಕನ್ನಡಕ್ಕೆ ಡಬ್ ಆದ ಒಂದು ರಕ್ತಪಿಶಾಚಿಯ ಧಾರಾವಾಹಿ. ಉದ್ದ ಕೋಟು ತೊಟ್ಟ, ಬಿಳಿಚಿಕೊಂಡ ಯುವಕ. ಸತ್ತು ಶತಮಾನಗಳಾದರೂ ಜನರ ರಕ್ತ ಕುಡಿದು ಓಡಾಡಿಕೊಂಡಿದ್ದಾನೆ. ಶಿಲುಬೆ ಕಂಡರೆ ಹಿಂದೆ ಸರಿಯುತ್ತಾನೆ. ಮನೆಯವರು ಬಾಯಿಬಿಟ್ಟು "ಒಳಗೆ ಬಾ" ಎನ್ನದೆ ಹೊಸ್ತಿಲು ದಾಟಲಾರ. ಇದರ ಮೇಲೆ ನೋಡುಗರು ಕಮೆಂಟಿನಲ್ಲಿ ಕಿತ್ತಾಡಿದರು. ಶಿಲುಬೆಗೇ ಇಷ್ಟು ಹೆದರುವವನು ನಮ್ಮ ವಿಭೂತಿ ಕಂಡರೆ ತಾಲ್ಲೂಕನ್ನೇ ಬಿಟ್ಟು ಓಡುತ್ತಾನೆ ಎಂದು ಚಳ್ಳಕೆರೆಯ ಗೊಬ್ಬರದಂಗಡಿಯ ವಿಶ್ವನಾಥ್ ಬರೆದರು. ಅವರವರ ದೆವ್ವಕ್ಕೆ ಅವರವರ ದೇವರೇ ಆಗಬೇಕು, ವಿಭೂತಿ ಅವನಿಗೆ ಬರೀ ಬೂದಿ ಎಂದು ಮೊಳಕಾಲ್ಮೂರಿನ ಒಬ್ಬ ತೆಲುಗಿನಲ್ಲಿ ವಾದಿಸಿದ. ಪಾದ್ರಿಗೇ ನಂಬಿಕೆ ಸತ್ತು, ಅವನ ಕೈಯ ಶಿಲುಬೆ ಕೆಲಸಕ್ಕೆ ಬಾರದೆ ಹೋದ ಕಂತಿನ ದಿನವಂತೂ ಗಂಗರಾಜು ಕುರ್ಚಿಯಲ್ಲಿ ನೆಟ್ಟಗೆ ಕೂತು, ನಂಬಿಕೆ ಇಲ್ಲದವನ ಕೈಯಲ್ಲಿ ಯಾವುದೂ ನಡೆಯದು, ನಾನು ಮೊದಲಿಂದ ಹೇಳುತ್ತಿರುವುದೂ ಇದನ್ನೇ ಎಂದ. ಹಾಗೆ ಅವನು ಮೊದಲು ಎಂದೂ ಹೇಳಿರಲಿಲ್ಲ.

ಹೇಳಿದ್ದು ಬೇರೆ. ಅಪ್ಪ ಹನುಮಣ್ಣ ತೀರಿಕೊಂಡ ವರ್ಷ, ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಎಡೆ ಇಡುವುದು ಮೂಢನಂಬಿಕೆ, ಅದನ್ನು ಉಣ್ಣುವುದು ಬೆಕ್ಕು ಎಂದು ವಿಡಿಯೋ ಮಾಡಿದ್ದ. ಲೈಕುಗಳು ಬಂದವು. ಲೈಕು ಬಂದ ಮೇಲೆ ಮಾತನ್ನು ನುಂಗಿಕೊಳ್ಳುವುದು ಕಷ್ಟವಾಯಿತು. ಅವರ ಮನೆಯಲ್ಲಿ ಎಡೆ ಇಟ್ಟು ಹಿರಿಯರನ್ನು ಕರೆಯಬೇಕಾದವನು ಮಗ. ಹೀಗಾಗಿ ಅಪ್ಪನಿಗೆ ಎಡೆಯೇ ಇಲ್ಲವಾಯಿತು. ಅವ್ವ ಹುಚ್ಚಕ್ಕ ಜಗಳ ಆಡಲಿಲ್ಲ, ಪ್ರತಿ ವರ್ಷ ಆ ದಿನ ಉಪವಾಸ ಇದ್ದುಬಿಡುತ್ತಿದ್ದಳು. ಅದು ಕೂಡ ಅವನಿಗೆ ಗೊತ್ತಾದದ್ದು ಸರಿತಾ ಹೇಳಿದ ಮೇಲೆ. ಪರದೇಶದ ದೆವ್ವದ ಹಸಿವನ್ನು ಬಿಡಿಸಿ ಹೇಳುವ ಪಂಡಿತನಿಗೆ ಪಕ್ಕದಲ್ಲಿ ಕೂತವಳ ಖಾಲಿ ತಟ್ಟೆ ಕಂಡಿರಲಿಲ್ಲ.

ಈ ವರ್ಷವೂ ಹಿರಿಯರ ಹಬ್ಬದ ಅಮಾವಾಸ್ಯೆ ಹತ್ತಿರ ಬಂತು. ಒಂದು ಸಂಜೆ ಹುಚ್ಚಕ್ಕ ಗೋಡೆಗೊರಗಿ ಕಡಲೆಕಾಯಿ ಬಿಡಿಸುತ್ತಾ ಧಾರಾವಾಹಿ ನೋಡುತ್ತಿದ್ದಳು. ಟಿವಿಯ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಹನುಮಣ್ಣನಿಗೆ ಕಿವಿ ಮಂದವಾದ ಕಾಲಕ್ಕೆ ಏರಿಸಿಟ್ಟಿದ್ದ ಸದ್ದನ್ನು ಇಳಿಸಲು ಅವಳು ಇನ್ನೂ ಬಿಟ್ಟಿರಲಿಲ್ಲ. ಪರದೆಯ ಮೇಲೆ ಆ ಯುವಕ ಯಾರದೋ ಮನೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಎಲ್ಲರೂ ಕೂತು ಉಣ್ಣುತ್ತಿದ್ದರು, ಒಬ್ಬರೂ ಅವನನ್ನು ಕರೆಯಲಿಲ್ಲ. ದೃಶ್ಯದ ಒಳಾರ್ಥ ಹೇಳಲು ಗಂಗರಾಜು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಅವ್ವ ಮಾತಾಡಿದಳು.

"ಪಾಪ, ಹಸ್ಕೊಂಡೈತೆ ಕಣೋ. ಎಡೆ ಇಡೋರು ಯಾರೂ ಇಲ್ಲ ಇದಕ್ಕೆ. ಹೊಟ್ಟೆಗೆ ಬಿದ್ದಿದ್ರೆ ಯಾಕೆ ಹಿಂಗೆ ಕಂಡೋರ ಕುತ್ಗೆಗೆ ಬಾಯಿ ಹಾಕ್ತಿತ್ತು? ಗಂಡು ಮಗ ಇಲ್ವೇನೋ ಇದಕ್ಕೆ?"

ಸರಿತಾ ಮೊಬೈಲನ್ನು ಅತ್ತೆಯ ಕಡೆ ತಿರುಗಿಸಿದಳು. ಗಂಗರಾಜುವಿನ ಮುಖ ಕೆಂಪೇರಿತು. ಆದರೂ ವಿಮರ್ಶಕ ಸೋಲಬಾರದಲ್ಲ. ನಂಬಿಕೆ ಇಲ್ಲದೆ ಎಡೆ ಇಟ್ಟರೆ ಏನು ಬಂತು ಎಂದು ಪಾದ್ರಿಯ ಕಂತನ್ನು ನೆನಪಿಸಿದ. ಹುಚ್ಚಕ್ಕ ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿ ಮಗನನ್ನೇ ನೋಡಿದಳು.

"ಉಣ್ಣೋನಿಗೆ ಹಸಿವೈತಪ್ಪ. ಇಕ್ಕೋನಿಗೆ ನಂಬಿಕೆ ಯಾಕೆ ಬೇಕು?"

ಸರಿತಾ ಅದನ್ನು ಕತ್ತರಿಸದೆ ಹಾಗೇ ಹಾಕಿದಳು. ಗಂಗರಾಜು ವರ್ಷಗಟ್ಟಲೆ ಬಾಯಿ ನೋಯಿಸಿಕೊಂಡು ಮಾಡಿದ ಎಲ್ಲ ವಿಡಿಯೋಗಳಿಗಿಂತ ಅವ್ವನ ಆ ಎರಡು ಮಾತನ್ನು ಹೆಚ್ಚು ಜನ ನೋಡಿದರು. ವಿಭೂತಿಯವರೂ ತೆಲುಗಿನವನೂ ಮೊದಲ ಬಾರಿಗೆ ಒಪ್ಪಿಕೊಂಡು, ಅಜ್ಜಿ ಹೇಳಿದ್ದೇ ಸರಿ ಎಂದರು. ನಿಮ್ಮ ತಂದೆಗೆ ಎಡೆ ಇಡ್ತೀರಾ ಸಾರ್ ಎಂದು ಯಾರೋ ಕೇಳಿದ್ದರು. ಗಂಗರಾಜು ಉದ್ದುದ್ದ ಉತ್ತರ ಟೈಪ್ ಮಾಡಿದ, ಅಳಿಸಿದ. ಮತ್ತೆ ಟೈಪ್ ಮಾಡಿ ಮತ್ತೆ ಅಳಿಸಿದ.

ಅಮಾವಾಸ್ಯೆಯ ದಿನ ಬೆಳಗ್ಗೆ ತಾನೇ ಹೋಗಿ ಬಾಳೆ ಎಲೆ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಅಪ್ಪ ಸೇದುತ್ತಿದ್ದ ಬೀಡಿಯ ಕಟ್ಟು ತಂದ. ಇದು ಬರೀ ಅಧ್ಯಯನಕ್ಕೆ ಎಂದು ಸರಿತಾಳಿಗೆ ಹೇಳಿದ. ಬಜ್ಜಿ ಬಿಸಿಯಾಗಿವೆಯೇ ಎಂದು ಅಂಗಡಿಯವನನ್ನು ಎರಡೆರಡು ಸಲ ಕೇಳಿದ್ದು ಯಾವ ಅಧ್ಯಯನಕ್ಕೆ ಎಂದು ಅವನಿಗೇ ಗೊತ್ತಾಗಲಿಲ್ಲ. ಹುಚ್ಚಕ್ಕ ಒಲೆ ಹಚ್ಚಿದಳು.

ಸಂಜೆ ಅಪ್ಪನ ಫೋಟೋದ ಮುಂದೆ ಎಡೆ ಇಟ್ಟು ಮೂವರೂ ಹೊರಗೆ ಬಂದರು. ಇನ್ನು ಮಗ ಬಾಗಿಲಲ್ಲಿ ನಿಂತು ಹಿರಿಯರನ್ನು ಕರೆಯಬೇಕು, ಅವರು ಬಂದು ಉಣ್ಣಲೆಂದು ಬಾಗಿಲು ಮುಂದಕ್ಕೆಳೆದುಕೊಂಡು ಮನೆಯವರು ಅಂಗಳದಲ್ಲಿ ಕಾಯಬೇಕು. ಎದುರುಮನೆಯ ಜಗಲಿಯ ಮೇಲೆ ದುರುಗೇಶ್ ಕೂತಿದ್ದ. ಚಾನೆಲ್ಲಿನ ಖಾಯಂ ಗಿರಾಕಿ, ಬೆಕ್ಕಿನ ವಿಡಿಯೋವನ್ನು ಊರಿಗೆಲ್ಲ ಹಂಚಿದವನು. "ಶೂಟಿಂಗೇನ್ ಗಂಗಣ್ಣ?" ಎಂದು ಕೇಳಿದ. ಮೊಬೈಲು ಒಳಗೇ ಉಳಿದಿತ್ತು. ದೇವರ ವಿಚಾರದಲ್ಲೂ ತಡವರಿಸದವನು ಜಗಲಿಗೆ ಬೆನ್ನು ಮಾಡಿ ಬಾಗಿಲ ಕಡೆ ತಿರುಗಿದ. ಇಷ್ಟು ವರ್ಷ ಅಪ್ಪ ಈ ಹೊಸ್ತಿಲಿನ ಆಚೆ ನಿಂತೇ ಇದ್ದನೇನೋ, ನಾವು ಒಳಗೆ ಕೂತು ಉಂಡೆವೇನೋ ಎನಿಸಿ ಗಂಗರಾಜುವಿಗೆ ಅಳು ಬಂತು. ಇಂಥದ್ದನ್ನೆಲ್ಲ ತಾನು ನಂಬುವುದಿಲ್ಲ ಎಂಬುದು ನೆನಪಿತ್ತು. ಅದು ಅಳುವನ್ನು ತಡೆಯಲಿಲ್ಲ.

"ಅಪ್ಪಾ, ಒಳಗೆ ಬಾ" ಎಂದ, ತನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಹುಚ್ಚಕ್ಕ ಮಗನ ಬೆನ್ನ ಮೇಲೆ ಕೈಯಿಟ್ಟಳು.

"ಜೋರಾಗಿ ಕರಿಯೋ. ನಿಮ್ಮಪ್ಪಂಗೆ ಕಿವಿ ಕೇಳ್ಸಲ್ಲ."

ಗಂಗರಾಜು ಕೂಗಿದ. ಮಾಳಿಗೆಗಳ ಮೇಲಿಂದ ಕೂಗಿ ಪಳಗಿದ ಗಂಟಲು, ಬೀದಿಯ ಕೊನೆಯ ಮನೆಯವರೆಗೂ ಕೇಳಿತು.