ವನಜಕ್ಕನ ಒಂದು ರಿಂಗು

ನಂಬುವವರು ನಂಬಿ, ಬಿಡುವವರು ಬಿಡಿ. ದೆವ್ವ ಭೂತ ಅಂದರೆ ನಗುವ ಹೆಂಗಸು ನಾನು. ಆದರೆ ಆ ರಾತ್ರಿ ನನ್ನ ಕಿವಿಯಾರೆ ಕೇಳಿದ್ದನ್ನು ಇಲ್ಲ ಅನ್ನಲು ನನ್ನಿಂದ ಆಗುವುದಿಲ್ಲ.

ಆಗಿನ್ನೂ ನಮ್ಮ ಹಳ್ಳಿಗಳಲ್ಲಿ ಮೊಬೈಲ್ ಅಪರೂಪ. ಅರಳಗುಪ್ಪೆ ಹತ್ತಿರದ ನಮ್ಮ ಮನೆಯಲ್ಲೇ ಕುಳಿತು ತಿಪಟೂರಿನ ಒಂದು ಸಣ್ಣ ಆಫೀಸಿಗೆ ಟೈಪಿಂಗ್ ಮಾಡುತ್ತಿದ್ದೆ. ಡಾಕ್ಟರುಗಳು ಮಾತಾಡಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ಕಂಪ್ಯೂಟರಿನಲ್ಲಿ ಬರೆಯುವ ಕೆಲಸ. ಅದೇ ಕೆಲಸವನ್ನು ದಬ್ಬೇಘಟ್ಟದ ತಮ್ಮ ಮನೆಯಲ್ಲಿ ವನಜಕ್ಕ ಮಾಡುತ್ತಿದ್ದರು. ಹಗಲೆಲ್ಲ ಕರೆಂಟಿನ ಕಾಟ. ಹಾಗಾಗಿ ಇಬ್ಬರದೂ ರಾತ್ರಿ ಕೆಲಸ.

ಒಬ್ಬರೇ ಕೂತರೆ ನಿದ್ದೆ ಬರುತ್ತದೆ, ಭಯವೂ ಆಗುತ್ತದೆ. ಅದಕ್ಕೆ ಅಕ್ಕನೇ ಒಂದು ಉಪಾಯ ಹುಡುಕಿದ್ದರು. ಗಂಟೆಗೊಮ್ಮೆ ಅವರು ನಮ್ಮನೆ ಫೋನಿಗೆ ಒಂದೇ ಒಂದು ರಿಂಗು ಕೊಟ್ಟು ಇಡುವುದು, ಆಮೇಲೆ ನಾನು ಅವರಿಗೊಂದು ರಿಂಗು. ಎತ್ತುವ ಹಾಗಿಲ್ಲ. ಇದ್ದೀನಿ, ಎಚ್ಚರವಾಗಿದ್ದೀನಿ ಅಂತ ಅದರ ಅರ್ಥ.

"ನನ್ ರಿಂಗು ಬರ್ಲಿಲ್ಲ ಅಂದ್ರೆ ಪಕ್ಕದ್ಮನೆಗೆ ಫೋನ್ ಮಾಡಿ ಎಬ್ಬುಸ್ಬುಡು ಕಣೇ, ಸುಮ್ನಿರ್ಬೇಡ," ಅಂತ ಆ ಮನೆಯ ನಂಬರನ್ನೂ ಬರೆಸಿದ್ದರು.

ಆ ದಿನ ಸಂಜೆ ಫೋನಿನಲ್ಲಿ ಮಾತಾಡಿದ್ದೆವು. ಅವರ ಗಂಡ ಕೊಬ್ಬರಿ ಹೇರಿಕೊಂಡು ತಿಪಟೂರಿಗೆ ಹೋಗಿದ್ದರು, ಬರುವುದು ಬೆಳಿಗ್ಗೆಯೇ.

"ಅಟ್ಟದ್ಮೇಲೆ ಯಾವ್ ಕಾಯಿ ಒಣಗವೆ ನೋಡಿಡು ಅಂದವ್ರೆ. ಕೆಲ್ಸದ್ ಮಧ್ಯೆ ಒಸಿ ಹತ್ತಿ ನೋಡ್ಬುಡ್ತೀನಿ."

"ಕತ್ಲಲ್ಲಿ ಏಣಿ ಹತ್ಬೇಡಿ ಅಕ್ಕ."

"ನನಗೇನ್ ಹೊಸದಾ ಬುಡು."

ನಮ್ಮ ಕಡೆ ತೆಂಗಿನಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಬಿಡುತ್ತೇವೆ. ನೀರು ಬತ್ತಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಅನ್ನುತ್ತದೆ. ಆಗ ಅದು ಒಡೆಯಲು ಸಿದ್ಧ.

ಒಂಬತ್ತಕ್ಕೆ ಅಕ್ಕನ ರಿಂಗು ಬಂತು. ನಾನೂ ಕೊಟ್ಟೆ. ಹತ್ತಕ್ಕೂ ಬಂತು, ಕೊಟ್ಟೆ.

ಹನ್ನೊಂದಕ್ಕೆ ಬಂದ ರಿಂಗು ನಿಲ್ಲಲಿಲ್ಲ. ಎರಡು... ಮೂರು... ನಾಲ್ಕು. ಮನೆಯವರೆಲ್ಲ ಎದ್ದುಬಿಡುತ್ತಾರೆ ಅಂತ ಓಡಿಹೋಗಿ ಎತ್ತಿದೆ.

"ಅಕ್ಕ?"

ಮಾತಿಲ್ಲ. ಎಲ್ಲಿಂದಲೋ ಕೊಬ್ಬರಿಯ ಕಮಟು ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನಮ್ಮ ಅಟ್ಟ ಆ ವರ್ಷ ಖಾಲಿ ಇತ್ತು. ಆಮೇಲೆ ಫೋನಿನಲ್ಲಿ ಸದ್ದು... ಗಡ, ಗಡ. ಸ್ವಲ್ಪ ಬಿಟ್ಟು ಮತ್ತೆ... ಗಡ, ಗಡ.

ನನಗೆ ನಗು ಬಂತು. ಒಣಗಿದ ಕಾಯಿಯನ್ನು ನನಗೂ ಕೇಳಿಸಿ ಆಟ ಆಡುತ್ತಿದ್ದಾರೆ ಅಂದುಕೊಂಡೆ.

"ಕೇಳುಸ್ತು ಅಕ್ಕ, ಒಣಗೈತೆ. ಸಾಕು, ಮಲಿಕ್ಕೊಳಿ ಇನ್ನ," ಅಂದು ಇಟ್ಟುಬಿಟ್ಟೆ.

ಅಕ್ಕ ಒಂದು ಮಾತೂ ಆಡಲಿಲ್ಲವಲ್ಲ ಅಂತ ಇಟ್ಟ ಮೇಲೆ ಅನ್ನಿಸಿತು. ತಿರುಗಿ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಪಕ್ಕದ ಮನೆಗೆ ಮಾಡಲೇ ಅಂತ ನಂಬರು ಬರೆದ ಚೀಟಿಯನ್ನೂ ಹುಡುಕಿದೆ. ಈಗ ತಾನೇ ರಿಂಗು ಬಂದಿದೆಯಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಅವರನ್ನು ಯಾಕೆ ಎಬ್ಬಿಸಲಿ ಅಂತ ಸುಮ್ಮನಾದೆ. ಹನ್ನೆರಡಕ್ಕೆ ಸರಿಯಾಗಿ ಒಂದೇ ಒಂದು ರಿಂಗು ಬಂತು. ಸಮಾಧಾನವಾಗಿ ಮಲಗಿದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಬಂದ ಗಂಡನಿಗೆ ವನಜಕ್ಕ ಅಟ್ಟದ ಏಣಿಯ ಕೆಳಗೆ ಸಿಕ್ಕರು. ಸುತ್ತಲೂ ಕಾಯಿ ಚೆಲ್ಲಾಡಿದ್ದವು. ಹಿಂದಿನ ರಾತ್ರಿ ಎಂಟೂವರೆಗೇ ಬಿದ್ದಿದ್ದರಂತೆ. ಬೆನ್ನು ಮುರಿದಿತ್ತು.

ಆಸ್ಪತ್ರೆಯಲ್ಲಿ ಅವರ ಕೈ ಹಿಡಿದುಕೊಂಡೆ. "ಅಕ್ಕ, ನಿಮ್ ರಿಂಗು ಬಂತಲ್ಲ... ಹನ್ನೆರಡ್ ಗಂಟೆವರ್ಗೂ ಬಂತು."

"ನಾನೆಲ್ಲಿ ಕೊಡ್ಲಿ ಕಣೇ? ಫೋನು ಪಡಸಾಲೇಲಿ, ನಾನು ಅಡಿಗೆಮನೇಲಿ. ಒಂದ್ ಕೈ ಬುಟ್ರೆ ಏನೂ ಆಡ್ತಿರ್ಲಿಲ್ಲ. ನೀನ್ ಕೊಟ್ಟ ರಿಂಗು ಕೇಳುಸ್ತಿತ್ತು. ನನ್ದು ಬರ್ಲಿಲ್ವಲ್ಲ, ಯಾರ್ನಾದ್ರೂ ಕಳುಸ್ತಾಳೆ ಅಂತ ಕಾಯ್ತಾ ಬಿದ್ದಿದ್ದೆ."

ಪಕ್ಕದಲ್ಲೇ ಕೂತಿದ್ದ ಅವರ ಗಂಡ ನನ್ನ ಮುಖ ನೋಡಲಿಲ್ಲ. ಚೆನ್ನಾಗಿ ನಿದ್ದೆ ಹೊಡೆದು ಈಗ ಕತೆ ಕಟ್ಟುತ್ತಿದ್ದಾಳೆ ಅಂತ ಅವರ ಲೆಕ್ಕ. ನಾನು ಏನಂತ ಸಾಬೀತು ಮಾಡಲಿ?

ಅಕ್ಕ ನನ್ನ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಹೇಳಿದರು.

"ಕೈಗೆ ಸಿಕ್ಕಿದ್ ಕಾಯಿ ಅಲ್ಲಾಡ್ಸ್ತಿದ್ದೆ, ಯಾರಿಗಾದ್ರೂ ಕೇಳುಸ್ತದೇನೋ ಅಂತ. ಆಗ ನಿನ್ ದನಿ ಬಂತು ಕಣೇ, ನನ್ ಕಿವಿ ಹತ್ರನೇ. ಕೇಳುಸ್ತು ಅಂದೆ ನೀನು. ಆಮೇಲೆ ಸಾಕು, ಮಲಿಕ್ಕೊಳಿ ಅಂದೆ. ಯಾಕಂಗಂದೆ?"

ವನಜಕ್ಕ ಮತ್ತೆ ಎದ್ದು ನಡೆಯಲಿಲ್ಲ. ಈಗ ನಮ್ಮ ಅಟ್ಟದಲ್ಲಿ ಒಂದು ಕಾಯಿ ಗಡಗಡ ಅಂದರೂ ಸಾಕು, ಮಾಡುತ್ತಿರುವ ಕೆಲಸ ಬಿಟ್ಟು ಎದ್ದು ಹೋಗಿ ಯಾರು ಅಂತ ನೋಡಿಬರುತ್ತೇನೆ.